ಕೈನೀರು

ಚಿಕ್ಕ ಧಣಿ ಜಪಾನಿನವರ ಗುಂಡಿಗೆ ಸಾಯಲಿಲ್ಲ. ನೀರಡಿಸಿ ಸತ್ತ. ಅವನ ಬಾಯಿಂದ ಒಂದು ಗೇಣು ದೂರದಲ್ಲಿ ತಗಡಿನ ಮಗ್ಗಿನ ತುಂಬ ನೀರಿತ್ತು. ಮಗ್ಗು ಹಿಡಿದಿದ್ದ ಕೈ ನಮ್ಮ ಫಕೀರಪ್ಪನದು, ಹೊಲೆಯನ ಕೈ. ಅದಕ್ಕೇ ಅವನು ಕುಡಿಯಲಿಲ್ಲ. ಸಂಗತಿ ಇಷ್ಟೇ, ಹೇಳಲು ಎರಡು ಸಾಲು ಸಾಕು. ಆ ಎರಡು ಸಾಲು ಅಚ್ಚಾಗಬಾರದೆಂದು ಪುಣೆಯಲ್ಲಿ ಎಷ್ಟೊಂದು ಜನ ಬೆವರು ಸುರಿಸಿದರೆಂದರೆ, ಅಷ್ಟು ಬೆವರನ್ನು ಬರ್ಮಾದಲ್ಲಿ ಸುರಿಸಿದ್ದರೆ ಇಂಗ್ಲಿಷರು ಆ ವರ್ಷವೇ ಯುದ್ಧ ಗೆಲ್ಲುತ್ತಿದ್ದರು.

ಆ ಎರಡು ಸಾಲು ಬರೆದವನು ನನ್ನಪ್ಪ ಹೊಳಬಸಪ್ಪ. ಮೊದಲಿನ ಜರ್ಮನ್ ಯುದ್ಧದಲ್ಲಿ ಬಸ್ರಾಕ್ಕೆ ಹೋಗಿ ಕಾದಿದ ಸಿಪಾಯಿ. ಆಮೇಲೆ ಪುಣೆಯಲ್ಲಿದ್ದುಕೊಂಡು ಯುದ್ಧದ ಸುದ್ದಿ ಬರೆಯುವವನಾದ. ಪುಣೆಗೆ ಬಂದದ್ದು ಇಷ್ಟಪಟ್ಟು ಅಲ್ಲ. ಊರು ಅವನನ್ನು ಹೊರಗೆ ಹಾಕಿತ್ತು.

ನಮ್ಮೂರು ಹಿರೇಕೊಳ್ಳ. ನಮ್ಮೂರು ಎನ್ನುತ್ತೇನೆ, ನಾನು ಅದನ್ನು ಕಣ್ಣಿಂದ ಕಂಡಿಲ್ಲ. ಅದೊಂದು ಅಂಗೈಯಗಲದ ಸಂಸ್ಥಾನ. ಇಂಗ್ಲಿಷರ ಕೆಳಗೆ ಧಣಿ, ಧಣಿಯ ಕೆಳಗೆ ಕಾರಭಾರಿ, ಎಲ್ಲರ ಕೆಳಗೆ ನಮ್ಮ ಹೊಲಗೇರಿ. ಜರ್ಮನ್ ಯುದ್ಧಕ್ಕೆ ಇಷ್ಟು ತಲೆ ಬೇಕೆಂದು ಮೇಲಿನವರು ಕೇಳಿದಾಗ ಧಣಿ ಹೊಲಗೇರಿಯ ಗಂಡಸರನ್ನೆಲ್ಲ ಕಾಳಿನ ಉಗ್ರಾಣದಲ್ಲಿ ಕೂಡಿಹಾಕಿದ. ಎರಡು ದಿನ ಅನ್ನ ಕೊಡಲಿಲ್ಲ. ಮೂರನೆಯ ದಿನ ಎಲ್ಲರ ಹೆಬ್ಬೆಟ್ಟು ಒತ್ತಿಸಿ, ಇವರು ಸ್ವಸಂತೋಷದಿಂದ ಬಂದ ಸಿಪಾಯಿಗಳು ಎಂದು ಬರೆಸಿ ಕಳಿಸಿದ. ಹೋದವರಲ್ಲಿ ಅರ್ಧ ಜನ ಬಸ್ರಾದ ಉಸುಕಿನಲ್ಲೇ ಉಳಿದರು.

ಅಪ್ಪ ಉಳಿದು ಬಂದ. ಬರುವಾಗ ಅಕ್ಷರ ಕಲಿತು ಬಂದ. ಪಲ್ಟನ್ನಿನ ಶಾಲೆಯಲ್ಲಿ ಮರಾಠಿ ಕಲಿಸಿದ್ದರು. ಕನ್ನಡವನ್ನು ಬಸ್ರಾದ ಆಸ್ಪತ್ರೆಯಲ್ಲಿ ಪಕ್ಕದ ಹಾಸಿಗೆಯಲ್ಲಿದ್ದ ಧಾರವಾಡದ ಕ್ರಿಶ್ಚನ್ ಸಿಪಾಯಿ ಕಲಿಸಿದ. ಕಲಿತವನು ಸುಮ್ಮನಿರಬೇಕಲ್ಲ? ಉಗ್ರಾಣದ ಕಥೆಯನ್ನು ಇದ್ದದ್ದು ಇದ್ದ ಹಾಗೆ ಬರೆದು ಪುಣೆಯಿಂದ ಹೊರಡುತ್ತಿದ್ದ 'ಘಟಪ್ರಭೆ' ವಾರಪತ್ರಿಕೆಗೆ ಕಳಿಸಿದ. ಅಚ್ಚಾಯಿತು. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಎನ್ನುತ್ತಾರಲ್ಲ, ಧಣಿ ಹಾಗೇ ಮಾಡಿದ.

ಗಡಿಪಾರು ಮಾಡುವ ದಿನ ಅಪ್ಪನ ಲಷ್ಕರಿ ಬೂಟು ಬಿಚ್ಚಿಸಿದರು. ಎರಡೂ ಬೂಟಿನ ಲಾಡಿ ಗಂಟು ಹಾಕಿ ಕೊರಳಿಗೆ ನೇತುಹಾಕಿದರು. ಊರ ತುಂಬ ನಡೆಸಿ ಗಡಿಕಲ್ಲಿನವರೆಗೆ ಒಯ್ದರು. ಮುಂದೆ ಹಲಗೆ. ಆ ವರ್ಷ ಹಲಗೆ ಬಾರಿಸುವ ಪಾಳಿ ಅಪ್ಪನ ಸ್ವಂತ ಅಣ್ಣನದು. ಅವನು ಅಳುತ್ತ ಬಾರಿಸಿದನಂತೆ. ಹೊಳಬಸಪ್ಪ, ಅವನ ಹೆಂಡತಿ, ಅವರ ಸಂತಾನ ಯಾರೂ ಇನ್ನು ಹಿರೇಕೊಳ್ಳದ ಮಣ್ಣು ತುಳಿಯಕೂಡದು ಎಂದು ಸಾರಿದನಂತೆ. ಅವ್ವ ಶಿವಗಂಗವ್ವ ಆಗ ಹಸಿ ಬಾಣಂತಿ. ಮೊದಲ ಕೂಸು ಸತ್ತು, ಹೊಲಗೇರಿಯ ಹಿಂದಿನ ಜಾಲಿಯ ಬುಡದಲ್ಲಿ ಮಣ್ಣು ಮಾಡಿ ವಾರವೂ ಆಗಿರಲಿಲ್ಲ. ಎದೆಯಲ್ಲಿ ಹಾಲು ಕಟ್ಟಿಕೊಂಡು ಆಕೆ ಅಪ್ಪನ ಹಿಂದೆ ನಡೆದಳು.

ನಾನು ಹುಟ್ಟಿದ್ದು ಪುಣೆಯ ಮಂಗಳವಾರ ಪೇಠೆಯಲ್ಲಿ, ತಗಡಿನ ಮಾಡಿನ ಕೆಳಗೆ. ಅಪ್ಪ ಖಡಕಿಯ ಮದ್ದುಗುಂಡಿನ ಕಾರಖಾನೆಯಲ್ಲಿ ಪೆಟ್ಟಿಗೆ ಹೊರುತ್ತಿದ್ದ. ಅವನ ಎಡಭುಜದ ಚರ್ಮ ಎತ್ತಿನ ಹೆಗಲಿನ ಹಾಗೆ ದಡ್ಡುಗಟ್ಟಿತ್ತು. ಕೆಲಸ ಬಿಟ್ಟ ಮೇಲೆ ಸ್ಟೇಷನ್ನಿಗೋ, ಲಷ್ಕರಿ ಆಸ್ಪತ್ರೆಯ ಬೇಲಿಯ ಹತ್ತಿರವೋ ಹೋಗಿ ವಾಯವ್ಯ ಗಡಿಯ ಕಾಳಗಗಳಿಂದ, ಆಮೇಲೆ ಈ ಯುದ್ಧದಿಂದ ಬಂದ ಕನ್ನಡದ ಸಿಪಾಯಿಗಳನ್ನು ಮಾತಾಡಿಸುತ್ತಿದ್ದ. ಯಾರು ಸತ್ತರು, ಹೇಗೆ ಸತ್ತರು, ಸಾಯುವಾಗ ಏನು ಕೇಳಿದರು. ಅದನ್ನೆಲ್ಲ ಬರೆದು 'ಘಟಪ್ರಭೆ'ಗೆ ಕೊಡುತ್ತಿದ್ದ. ಬೆಳಗಾವಿ, ವಿಜಾಪುರದ ಕಡೆಯ ಹಳ್ಳಿಗಳಲ್ಲಿ ಜನ ಅದನ್ನು ಓದಿಸಿ ಕೇಳುತ್ತಿದ್ದರು. ಸರಕಾರದ ತಾರು ಸುಳ್ಳು ಹೇಳಬಹುದು, ಆ ಬರಹ ಹೇಳುವುದಿಲ್ಲ ಎಂದು ನಂಬಿದ್ದರು. ಕೆಳಗೆ ಹೆಸರು ಮಾತ್ರ ಅಪ್ಪನದಿರುತ್ತಿರಲಿಲ್ಲ. 'ಒಬ್ಬ ಸಿಪಾಯಿ' ಎಂದಿರುತ್ತಿತ್ತು.

ಆ ಹೆಸರು ಇಟ್ಟವರು ಪತ್ರಿಕೆಯ ಮಾಲಕರಾದ ಸಿದ್ದಲಿಂಗಪ್ಪನವರು. ಬೈಲಹೊಂಗಲದ ಕಡೆಯ ಅರಿವೆ ವ್ಯಾಪಾರಿ, ಖಾದಿ ಉಡುವವರು, ಸ್ವರಾಜ್ಯದ ಬಗ್ಗೆ ಬಿಸಿಬಿಸಿ ಬರೆಯುವವರು. ಅವರ ಅಚ್ಚುಮನೆ ಸದಾಶಿವ ಪೇಠೆಯ ಒಂದು ವಾಡೆಯ ಹಿಂಬದಿಗಿತ್ತು. ವಾಡೆಯ ಅಂಗಳದಲ್ಲಿ ಬಾವಿಯಿದ್ದುದರಿಂದ ಅಪ್ಪ ಒಳಗೆ ಹೋಗುವ ಹಾಗಿರಲಿಲ್ಲ. ಹಿಂದಿನ ಓಣಿಯ ಕಿಟಕಿಯಲ್ಲಿ ಕಾಗದ ಇಡಬೇಕು. ಒಳಗಿನವರು ಅದಕ್ಕೆ ನೀರು ಚಿಮುಕಿಸಿ ಎತ್ತಿಕೊಳ್ಳುತ್ತಿದ್ದರು. ಮೊದಮೊದಲು ಶಾಯಿ ಹರಡಿ ಸತ್ತವರ ಹೆಸರೇ ಅಳಿಸಿಹೋಗುತ್ತಿತ್ತು. ಅದಕ್ಕೆ ಅಪ್ಪ ಶಾಯಿ ಬಿಟ್ಟು ಸೀಸದ ಕಡ್ಡಿ ಹಿಡಿದ.

ನಾನು ಲಷ್ಕರಿ ಆಸ್ಪತ್ರೆಯಲ್ಲಿ ಕಸ ಬಳಿಯುವವಳು. ಬರ್ಮಾದಿಂದ ಸೋತ ಪಲ್ಟನ್ನುಗಳು ಬಂದ ಬೇಸಿಗೆಯಲ್ಲಿ ನಮಗೆ ಬೆನ್ನು ನೆಟ್ಟಗೆ ಮಾಡಲು ಹೊತ್ತಿರಲಿಲ್ಲ. ಭೇದಿಯ ಪಾತ್ರೆ, ಕೀವಿನ ಬಟ್ಟೆ, ಹುಳ ಬಿದ್ದ ಪಟ್ಟಿ. ತಿಕ್ಕಿ ತಿಕ್ಕಿ ಬೆರಳ ಸಂದಿ ಬಿರಿದುಹೋಗಿತ್ತು. ಒಂದು ಮಧ್ಯಾಹ್ನ ಮೂಲೆಯ ಹಾಸಿಗೆಯಿಂದ "ಯವ್ವಾ, ಯವ್ವಾ" ಎನ್ನುವ ದನಿ ಕೇಳಿತು. ಬೋರಲು ಮಲಗಿದ್ದ. ಬೆನ್ನಿನ ಮೇಲೆ ಚರ್ಮವೇ ಇರಲಿಲ್ಲ. ಸೊಂಟದ ಎರಡೂ ಕಡೆ, ಯಾರದೋ ಮೊಣಕಾಲು ಒತ್ತಿ ಒತ್ತಿ, ಎಲುಬು ಕಾಣುವಷ್ಟು ಗಾಯವಾಗಿತ್ತು.

"ಯಾವೂರು ಅಣ್ಣಾ?" ಎಂದೆ.

"ಹಿರೇಕೊಳ್ಳ."

ಪಾತ್ರೆ ಕೆಳಗಿಟ್ಟು ಯಾರ ಮಗನೆಂದು ಕೇಳಿದೆ. ಅವನು ಪಾರವ್ವನ ಮಗ ಫಕೀರಪ್ಪ. ಪಾರವ್ವ ನನ್ನವ್ವನ ಬೆನ್ನಿಗೆ ಬಿದ್ದ ತಂಗಿ. ನನ್ನ ರಕ್ತದವನನ್ನು ನಾನು ಮೊದಲ ಸಲ ನೋಡಿದ್ದು ಹಾಗೆ.

ಅಪ್ಪನನ್ನು ಕರೆತಂದೆ. ಮೂರು ಸಂಜೆ ಅಪ್ಪ ಅವನ ಹಾಸಿಗೆಯ ಪಕ್ಕ ನೆಲದ ಮೇಲೆ ಕೂತ. ಫಕೀರ ತಡೆತಡೆದು ಹೇಳಿದ. ಧಣಿಯ ಮಗ ಚಿಕ್ಕ ಧಣಿ ಪಲ್ಟನ್ನಿನಲ್ಲಿ ಅಧಿಕಾರಿ, ಫಕೀರ ಅಲ್ಲಿ ಹೊರೆ ಹೊರುವ ಆಳು. ಜಪಾನಿನವರು ಬೆನ್ನಟ್ಟಿದಾಗ ಪಲ್ಟನ್ನು ಚೆಲ್ಲಾಪಿಲ್ಲಿಯಾಯಿತು. ಚಿಕ್ಕ ಧಣಿಗೆ ಜ್ವರ, ಕಾಲಲ್ಲಿ ಹುಣ್ಣು. ಎಂಟು ದಿನ ಫಕೀರ ಅವನನ್ನು ಬೆನ್ನ ಮೇಲೆ ಹೊತ್ತು ಕಾಡು ದಾಟಿದ.

"ಕೊರಳಿಗೆ ಕೈ ಹಾಕಿ ಕುಂತಿದ್ದ, ದೊಡ್ಡಪ್ಪಾ. ಅವನ ಬೆವರು ನನ್ನ ಮೈಗೆ, ನನ್ನ ಬೆವರು ಅವನ ಮೈಗೆ. ಅದಕ್ಕೇನೂ ಮೈಲಿಗಿ ಇರಲಿಲ್ಲ. ಹೊಳಿ ಸಿಕ್ಕಲ್ಲಿ ದಂಡಿಗೆ ಇಳಸ್ತಿದ್ದೆ, ತಾನ ಬಾಗಿ ಕುಡೀತಿದ್ದ. ಆಮ್ಯಾಲೆ ಗುಡ್ಡ ಹತ್ತಿತು. ನೀರು ಕೆಳಗ ಕೊಳ್ಳದಾಗ. ಹೊತ್ತು ಇಳಿಯಾಕ ಕಾಲಾಗ ಕಸುವಿಲ್ಲ. ನಾನ ಇಳಿದು ಮಗ್ಗ ತುಂಬಿ ತಂದೆ. ನನ್ನ ಕೈ ನೋಡಿ ಬಾಯಿ ಮುಚ್ಚಿದ."

"ಬ್ಯಾರೆ ಯಾರೂ ಇರಲಿಲ್ಲೇನು?" ಅಪ್ಪ ಕೇಳಿದ.

"ಇದ್ದವರು ದಾರ್ಯಾಗ ಬಿದ್ರು. ಲಿಂಗಾಯ್ತರ ಹುಡುಗ ತಂದಾನ್ರಿ, ಕುಡೀರಿ ಅಂತ ಸುಳ್ಳ ಹೇಳಿದೆ. ನಂಬಲಿಲ್ಲ. ಊರಾಗ ನಮ್ಮ ಬೊಗಸಿಗೆ ಮ್ಯಾಲಿಂದ ಸುರೀತಾರಲ್ಲ, ಹಂಗ ಬಿದಿರು ಸೀಳಿ ಮ್ಯಾಲಿಂದ ಅವನ ಬಾಯಾಗ ಬಿಟ್ಟೆ. ಉಗುಳಿದ. ಉಗುಳಾಕ ತ್ರಾಣ ಇತ್ತು ಅವಗ, ನುಂಗಾಕ ಇರಲಿಲ್ಲ. ಮರುದಿನ ಬೆನ್ನ ಮ್ಯಾಲ ತಣ್ಣಗಾದ."

"ಅಲ್ಲೇ ಬಿಟ್ಟು ಬರಬೇಕಿತ್ತಲೋ."

"ಹ್ಯಾಂಗ ಬಿಡ್ಲಿ? ಧಣಿ ಮಗನ್ನ ಕಾಡಾಗ ಒಗದು ಬಂದೆ ಅಂತ ಊರಾಗ ನಮ್ಮವ್ವನ್ನ ಹೊಡೀತಾರ. ಹೆಣಾನೂ ಹೊತ್ತೆ. ನಮ್ಮ ಮಂದಿ ಲಾರಿ ಸಿಗೂತನಕ ಹೊತ್ತೆ."

ಇದನ್ನು ಹೇಳಿದ ಮೂರನೆಯ ದಿನ ಫಕೀರ ಸತ್ತ. ಬೆನ್ನಿನ ಹುಣ್ಣು ನಂಜಾಗಿತ್ತು. ಆಸ್ಪತ್ರೆಯವರೇ ಮಣ್ಣು ಮಾಡಿದರು. ಅಪ್ಪ ಮನೆಗೆ ಬಂದು ಗೋಡೆಗೆ ಮುಖ ಮಾಡಿ ಮಲಗಿದ. ಬಸ್ರಾ ಕಂಡವನು, ಎಷ್ಟೋ ಜನರ ಸಾವು ಬರೆದವನು, ಅವತ್ತು ಸೀಸದ ಕಡ್ಡಿ ಮುಟ್ಟಲಿಲ್ಲ.

ಆಗಲೇ ಅವ್ವ ಹಾಸಿಗೆ ಹಿಡಿದಿದ್ದಳು. ಕ್ಷಯ. ಕೆಮ್ಮಿದರೆ ಸೆರಗಿನಲ್ಲಿ ರಕ್ತ. ಅವಳಿಗೆ ಬೇರೆ ಆಸೆ ಏನೂ ಇರಲಿಲ್ಲ. "ನನ್ನ ಊರಿಗೆ ಒಯ್ರಿ," ಎನ್ನುವಳು. "ಆ ಜಾಲಿ ಬುಡಕ ನನ್ನ ಕೂಸಿನ ಬಾಜೂಕ ಹಾಕ್ರಿ. ಅದಕ್ಕ ನಾ ಹಾಲ ಸುದ್ದಾ ಸರಿಯಾಗಿ ಕುಡಿಸಲಿಲ್ಲ." ಜ್ವರ ಏರಿದಾಗ ಎದ್ದು ಕೂತು ಗಂಟು ಕಟ್ಟುತ್ತಿದ್ದಳು. ಒಂದು ಸೀರೆ, ಒಂದು ಕುಬಸ, ಕುಂಕುಮದ ಭರಣಿ. ನಾನು ಬಿಚ್ಚಿಡುತ್ತಿದ್ದೆ.

ಹೀಗಿರುವಾಗ ಹಿರೇಕೊಳ್ಳದ ಕಾರಭಾರಿ ನಮ್ಮ ಓಣಿಗೆ ಬಂದ. ಫಕೀರನನ್ನು ಹುಡುಕಿ ಆಸ್ಪತ್ರೆಗೆ ಹೋಗಿದ್ದನಂತೆ. ಅವನು ಸತ್ತ ಸುದ್ದಿಯೂ, ಸಾಯುವ ಮೊದಲು ಯಾರ ಮುಂದೆ ಬಾಯಿ ಬಿಟ್ಟನೆಂಬ ಸುದ್ದಿಯೂ ಅಲ್ಲೇ ಸಿಕ್ಕಿತ್ತು. ಮೂಗಿಗೆ ಕರವಸ್ತ್ರ ಹಿಡಿದು ಗಟಾರದ ಆಚೆ ನಿಂತ.

"ಏನಲೇ ಹೊಳ್ಯಾ, ಇನ್ನೂ ಜೀವಂತ ಅದಿ?"

"ಅದೀನ್ರಿ," ಎಂದ ಅಪ್ಪ.

"ಚಿಕ್ಕ ಧಣಿಯಾರು ಹ್ಯಾಂಗ ಕಾದಾಡಿ ವೀರಸ್ವರ್ಗ ಸೇರಿದ್ರು ಅನ್ನೂದನ್ನ ನೀ ಬರೀಬೇಕು. 'ಒಬ್ಬ ಸಿಪಾಯಿ' ಬರದಾನಂದ್ರ ಮಂದಿ ನಂಬ್ತಾರ. ಊರಾಗ ಮತ್ತ ಪಲ್ಟನ್ನಿನ ಭರ್ತಿ ನಡದದ. ಹೊಲಗೇರಿ ಹುಡುಗ್ರಿಗೆ ಅದನ್ನ ಓದಿ ಹೇಳಬೇಕು, ಉಮೇದು ಬರಬೇಕು."

"ಅವರು ಕಾದಾಡಲಿಲ್ಲರಿ. ನೀರಡಿಸಿ ಸತ್ರು."

"ಅದು ನನಗ ಗೊತ್ತದ. ಗೊತ್ತಿದ್ದದ್ದನ್ನ ಬರಿ ಅಂತ ಹೇಳಾಕ ಇಷ್ಟ ದೂರ ಯಾಕ ಬರ್ತಿದ್ದೆ?"

ಒಳಗೆ ಅವ್ವ ಕೆಮ್ಮಿದಳು. ಕಾರಭಾರಿ ಆ ಕಡೆ ಕಿವಿ ಕೊಟ್ಟ. ಕಟುಕ ಕುರಿಯನ್ನು ಮುಟ್ಟಿ ನೋಡುವ ಹಾಗೆ ಆ ಕೆಮ್ಮನ್ನು ಅಳೆದ.

"ಬರದ್ರ ಗಡಿಪಾರು ರದ್ದು. ಹೆಂಡ್ತೀನ ಗಾಡ್ಯಾಗ ಹಾಕ್ಕೊಂಡು ಊರಿಗೆ ಹೋಗು. ಬರೀದಿದ್ರ ಆಕಿ ಇಲ್ಲೇ ಗಟಾರದ ದಂಡಿಗೆ ಸಾಯ್ತಾಳ. ನೋಡು ವಿಚಾರ ಮಾಡಿ."

ಅಪ್ಪ ವಿಚಾರ ಮಾಡಲಿಲ್ಲ. ವಿಚಾರ ಮಾಡಿದ್ದರೆ ಬರೆಯುತ್ತಿರಲಿಲ್ಲ. ಮರುದಿನ ಖಡಕಿಗೆ ಹೋಗದೆ ಮೂಲೆಯಲ್ಲಿ ಕೂತು ಬರೆದ. ಬರೆಯುವಾಗ ಅವನ ಮುಖ ನೋಡಲು ಆಗುತ್ತಿರಲಿಲ್ಲ. ಹೆಣ ಹೊರುವಾಗಲೂ ಜನರ ಮುಖ ಅದಕ್ಕಿಂತ ಹಗುರಾಗಿರುತ್ತದೆ. ಮುಗಿಸಿ ಅವ್ವನ ಹತ್ತಿರ ಹೋಗಿ, "ಗಂಗೀ, ಊರಿಗೆ ಹೋಗೂಣು," ಎಂದ.

ಅವ್ವ ಒಂದು ಗಳಿಗೆ ನಕ್ಕಳು. ಆಮೇಲೆ ಕೇಳಿದಳು: "ಏನ ಬರದಿ? ಓದು."

"ಬ್ಯಾಡ ಬಿಡು."

"ಕಲ್ಲೀ ಅಪ್ಪಾ, ಓದು." ಅವ್ವ ಅವನನ್ನು ನನ್ನ ಹೆಸರು ಹಿಡಿದೇ ಕರೆಯುತ್ತಿದ್ದಳು.

ಅಪ್ಪ ಓದಿದ. ಚಿಕ್ಕ ಧಣಿಯವರು ಕತ್ತಿ ಹಿರಿದು ಶತ್ರುಗಳ ನಡುವೆ ನುಗ್ಗಿ, ಎದೆಗೆ ಗುಂಡು ತಿಂದು, ಹಿರೇಕೊಳ್ಳದ ಕೀರ್ತಿಯನ್ನು ಎತ್ತಿ ಹಿಡಿದು ವೀರಸ್ವರ್ಗ ಸೇರಿದರು. ಓದುತ್ತ ಓದುತ್ತ ಅವನ ದನಿ ಬಾವಿಗೆ ಇಳಿದ ಹಾಗಾಯಿತು.

"ನಮ್ಮ ಫಕೀರ ಇದರಾಗ ಎಲ್ಲಿ ಬಂದ?"

ಅಪ್ಪ ಕಾಗದ ಮಡಚತೊಡಗಿದ.

"ಎಂಟ ದಿನ ಹೊತ್ತಾನಲ್ಲ? ಎಲ್ಲಿ ಬಂದ?"

"ಬರಲಿಲ್ಲ."

"ಹಂಗಾದ್ರ ನಾನೂ ಅವನ ಬೆನ್ನ ಮ್ಯಾಲ ಕುಂತು ಊರಿಗೆ ಹೋಗ್ಬೇಕೇನು? ಪಾರಿ ಬಂದು ನನ್ನ ಮಗನ ಸುದ್ದಿ ಹೇಳಕ್ಕಾ ಅಂದ್ರ ಏನ ಹೇಳ್ಲಿ? ಅಂವಾ ಇರಲೇ ಇಲ್ಲ ಅನ್ಲೇನು? ಹರಿ ಅದನ್ನ."

"ನಿನಗ ಊರು ನೋಡೂ ಆಸೆ ಅದ ಅಲ್ಲ?"

"ಭಾಳ ಅದ. ಆದ್ರೂ ಹರಿ."

ಅಪ್ಪನಿಗೆ ಹರಿಯಲು ಕೈ ಬರಲಿಲ್ಲ. ಅವ್ವ ಗೋಡೆ ಹಿಡಿದು ಎದ್ದಳು. ನಾಲ್ಕು ಹೆಜ್ಜೆ ಬಂದು ಅವನ ಕೈಯಿಂದ ಕಾಗದ ಕಿತ್ತುಕೊಂಡಳು. ಒಲೆಗೆ ಹಾಕಿದಳು. ಹಾಕಿ ಅಲ್ಲೇ ಕುಸಿದಳು. ನಾನು ಎತ್ತಿ ಹಾಸಿಗೆಗೆ ತಂದೆ. ಒಣಗಿದ ಸೊಪ್ಪಿನ ಹೊರೆಯಷ್ಟೂ ತೂಕವಿರಲಿಲ್ಲ. ನನಗೆ ಅವಳ ಮೇಲೆ ಸಿಟ್ಟು ಬಂತು, ಸುಳ್ಳೇಕೆ ಹೇಳಲಿ. ಒಂದು ಸುಳ್ಳಿಗೆ ಅಪ್ಪನ ಗಂಟೇನು ಹೋಗುತ್ತಿತ್ತು? ಸಂಸ್ಥಾನದವರು ಹುಟ್ಟಿದಂದಿನಿಂದ ಸುಳ್ಳಲ್ಲೇ ಉಣ್ಣುತ್ತಾರೆ, ನಾವು ಒಂದು ತುತ್ತು ಉಂಡರೆ ಹೊಟ್ಟೆ ಒಡೆಯುತ್ತದೆಯೇ ಎಂದು ಅವಳ ಮುಖದ ಮೇಲೇ ಅಂದೆ. ಅವ್ವ ಕಣ್ಣು ಮುಚ್ಚಿದಳು.

ಶ್ರಾವಣದಲ್ಲಿ ಸತ್ತಳು. ಪೇಠೆಗಳಲ್ಲಿ ಆಗ ಇಂಗ್ಲಿಷರೇ ತೊಲಗಿರಿ ಎನ್ನುವ ಗದ್ದಲ. ಪೊಲೀಸರು ದಾರಿ ಕಟ್ಟಿದ್ದರು. ಓಣಿಯ ಮಹಾರರು ನಾಲ್ಕು ಜನ ಹೆಗಲು ಕೊಟ್ಟರು. ಸುತ್ತು ಹಾಕಿ ಹೋಗುವಷ್ಟರಲ್ಲಿ ಮಳೆ ಹಿಡಿಯಿತು. ಕುಣಿಯಲ್ಲಿ ನೀರು ನಿಂತಿತ್ತು. ಅಪ್ಪ ಇಳಿದು ಬೊಗಸೆಯಿಂದ ನೀರು ತೋಡಿದ. ತೋಡಿದಷ್ಟೂ ಬಂತು. ಕೊನೆಗೆ ಹಾಗೇ ಮಲಗಿಸಿದೆವು. ಊರ ಮಣ್ಣು ಬೇಡಿದವಳಿಗೆ ಪುಣೆಯ ಕೆಸರು ಸಿಕ್ಕಿತು.

ಮಣ್ಣು ಮಾಡಿ ಬಂದ ವಾರವೇ ಅಪ್ಪ ನಿಜವನ್ನು ಬರೆದ. ಚಿಕ್ಕ ಧಣಿ ನೀರಡಿಸಿ ಸತ್ತ. ಫಕೀರಪ್ಪ ಅವನನ್ನು ಹೊತ್ತು ಸತ್ತ. ಇಬ್ಬರಿಗೂ ಒಂದೇ ಕ್ರಿಯಾಪದ. ಸದಾಶಿವ ಪೇಠೆಯ ಕಿಟಕಿಯಲ್ಲಿಟ್ಟ. ನಾನೂ ಜೊತೆಗಿದ್ದೆ. ಸಿದ್ದಲಿಂಗಪ್ಪನವರೇ ಬಂದು ಓದಿದರು. ಓದಿ ಕಾಗದವನ್ನು ಮಡಚಿ ಕಿಟಕಿಯಲ್ಲೇ ಇಟ್ಟರು.

"ಹೊಳಬಸಪ್ಪಾ, ಇದು ಆಗೂದಿಲ್ಲ."

"ಯಾಕ್ರಿ, ಸುಳ್ಳದ ಏನ್ರಿ?"

"ಖರೇ ಅದ ಅಂತನ ಆಗೂದಿಲ್ಲ. ಯುದ್ಧದಾಗ ಅಚ್ಚಿನ ಕಾಗದ ಸಿಗವಲ್ದು. ಧಣಿಯಾರು ಕೊಡಸ್ತೀನಿ ಅಂದಾರ. ಪತ್ರಿಕಾ ಉಳೀಬೇಕೋ ಬ್ಯಾಡೋ?"

ಮುಂದಿನ ಸಂಚಿಕೆ ಬಂತು. ಅದರಲ್ಲಿ ಕತ್ತಿ ಇತ್ತು, ಗುಂಡು ಇತ್ತು, ವೀರಸ್ವರ್ಗ ಇತ್ತು. ಅವ್ವ ಒಲೆಗೆ ಹಾಕಿದ್ದನ್ನೇ ಯಾರೋ ಇನ್ನೂ ಎರಡು ಪಟ್ಟು ಬೆಲ್ಲ ಬೆರೆಸಿ ಬರೆದಿದ್ದರು. ಕೆಳಗೆ 'ಒಬ್ಬ ಸಿಪಾಯಿ' ಎಂದಿತ್ತು. ಅಪ್ಪ ಓಡಿದ. ಕಿಟಕಿಯ ಸರಳು ಹಿಡಿದು ಕೂಗಿದ. ಸಿದ್ದಲಿಂಗಪ್ಪನವರು ಶಾಂತವಾಗಿ ಹೇಳಿದರು: "ಹೊಳಬಸಪ್ಪ ಅಂತ ಹಾಕಿಲ್ಲಲ್ಲ? 'ಒಬ್ಬ ಸಿಪಾಯಿ' ಅನ್ನೂ ಹೆಸರು ಪತ್ರಿಕೀದು. ನಿಂದಲ್ಲ."

ಅಪ್ಪನ ಇಪ್ಪತ್ತು ವರ್ಷದ ಬರಹ ಒಂದು ಮಾತಿಗೆ ಅವರದಾಯಿತು. ಆ ಸರಳುಗಳ ಮೇಲೆ ಅವನ ಕೈ ಸಡಿಲವಾದದ್ದನ್ನು ನಾನು ನೋಡಿದೆ.

ದಸರೆಯ ನಂತರ ಪಾರವ್ವ ಚಿಗವ್ವ ಬಂದಳು. ಸಾತಾರಾದ ದಾರಿ ಹಿಡಿದು, ಸಿಕ್ಕ ಗಾಡಿ ಹತ್ತಿ, ಉಳಿದದ್ದು ನಡೆದು ಬಂದಿದ್ದಳು. ಕಾತ್ರಜದ ಘಾಟು ಇಳಿದು ಕೇಳುತ್ತ ಕೇಳುತ್ತ ನಮ್ಮ ಓಣಿ ಮುಟ್ಟಿದಳು. ಅವ್ವನದೇ ಮೂಗು, ಅವ್ವನದೇ ಹಣೆ. ನಾನು ಓಡಿಹೋಗಿ ಅಪ್ಪಿಕೊಳ್ಳಲು ಹೋದೆ. ನನ್ನನ್ನು ಸರಿಸಿ ಅಪ್ಪನ ಮುಂದೆ ನಿಂತು ಅವನ ಮುಖಕ್ಕೆ ಉಗಿದಳು.

"ನನ್ನ ಮಗನ್ನ ಮಾರಿದ್ಯಲ್ಲೋ ಭಾವಾ! ಚಾವಡ್ಯಾಗ ಓದಿ ಹೇಳಿದ್ರು. ಎಲ್ಲಾರೂ ಇದ್ರು ಅದರಾಗ, ನನ್ನ ಮಗ ಇರಲಿಲ್ಲ. ನಿನ್ನ ಬರಹ ಕೇಳಿ ಕೇರಿ ಹುಡುಗ್ರು ಹೆಬ್ಬಟ್ಟ ಒತ್ಯಾರ. ಎಲ್ಲಿ ನಮ್ಮಕ್ಕ? ಆಕಿನ್ನ ಕರಿ."

ಅಕ್ಕ ಇಲ್ಲ ಎಂದು ನಾನು ಹೇಳಿದೆ. ಯಾಕೆ ಇಲ್ಲ, ಹೇಗೆ ಇಲ್ಲ, ಒಲೆಗೆ ಏನು ಹಾಕಿದಳು, ಎಲ್ಲ ಹೇಳಿದೆ. ಫಕೀರ ಹೇಳಿದ್ದನ್ನು ಅಪ್ಪ ಹೇಳಿದ, ಒಂದು ಮಾತೂ ಬಿಡದೆ. ಚಿಗವ್ವ ನೆಲಕ್ಕೆ ಕೂತಳು. ಅಪ್ಪನ ಮುಖವನ್ನು ತನ್ನ ಸೆರಗಿನಿಂದ ಒರೆಸಿದಳು. ಮೂವರೂ ಅತ್ತೆವು.

ಅದೇ ವಾರ ಕಾರಭಾರಿಯ ಆಳು ಬಂದ. ಧಣಿಯವರು ತಮ್ಮ ಪುಣೆಯ ಬಂಗಲೆಗೆ ಬಂದಿದ್ದಾರೆ, ಮಗನ ಹೆಸರಿನಲ್ಲಿ ಸಭೆ ಇದೆ, ಭರ್ತಿ ಮಾಡಿಕೊಳ್ಳುವ ಬಿಳಿಯ ಗೋರಾ ಸಾಹೇಬ ಬರುತ್ತಾನೆ. 'ಒಬ್ಬ ಸಿಪಾಯಿ' ಬಂದು ಎಲ್ಲರೆದುರು ಹೌದು ಎನ್ನಬೇಕು. ಅಲ್ಲೇ ಗಡಿಪಾರು ರದ್ದಾದ ಹುಕುಂ ಕೊಡುತ್ತಾರೆ.

"ಬರ್ತೀನಿ ಅಂತ ಹೇಳು," ಎಂದ ಅಪ್ಪ.

ಬಂಗಲೆ ಶಿವಾಜಿನಗರದಲ್ಲಿ, ಹಳಬರು ಭಾಂಬುರ್ಡಾ ಎನ್ನುತ್ತಿದ್ದ ಕಡೆ. ನಮ್ಮ ಮೂವರನ್ನೂ ಮೆಹಂದಿ ಬೇಲಿಯ ಹೊರಗೆ ಬಿಸಿಲಲ್ಲಿ ಕೂರಿಸಿದರು. ಒಳಗೆ ಹುಲ್ಲಿನ ಮೇಲೆ ಕುರ್ಚಿಗಳು. ನಡುವೆ ಮುದಿ ಧಣಿ, ಬೋಳಿಸಿದ ತಲೆ, ಬಿಳಿ ಪಂಚೆ. ಅವನ ಪಕ್ಕ ಗೋರಾ ಸಾಹೇಬ. ಸಿದ್ದಲಿಂಗಪ್ಪನವರು ಎದ್ದು ನಿಂತು ಪತ್ರಿಕೆ ಓದಿದರು. ದನಿ ಏರಿಸಿ ಇಳಿಸಿ ಓದಿದರು. ಹೆಂಗಸರು ಮೂಗು ಸೀಟಿದರು.

"ಇದನ್ನ ಬರದಾಂವ ಇಲ್ಲೇ ಅದಾನ," ಎಂದ ಕಾರಭಾರಿ. "ಏಳಲೇ, ಹೇಳು."

ಅಪ್ಪ ಎದ್ದ. ಸಿಪಾಯಿ ನಿಲ್ಲುವ ಹಾಗೆ ಹಿಮ್ಮಡಿ ಕೂಡಿಸಿ ನಿಂತ. "ಅದು ನನ್ನ ಬರಹ ಅಲ್ಲರಿ," ಎಂದ. "ಚಿಕ್ಕ ಧಣಿಯಾರು ಕಾದಾಡಲಿಲ್ಲ. ಈಕಿ ಮಗ ಫಕೀರಪ್ಪನ ಬೆನ್ನ ಮ್ಯಾಲ ಎಂಟ ದಿನ ಬಂದ್ರು. ಅಂವ ನೀರು ತಂದ. ಹೊಲ್ಯಾನ ಕೈ ಅಂತ ಕುಡೀಲಿಲ್ಲ. ನೀರಡಿಸಿ ಸತ್ರು. ಹೊತ್ತಾಂವ ಬೆನ್ನು ಕೊಳತು ಸತ್ತ."

ಇವನು ಏನು ಹೇಳಿದನೆಂದು ಗೋರಾ ಸಾಹೇಬ ಕೇಳಿದ. ದುಃಖದಲ್ಲಿ ಅಳುತ್ತಿದ್ದಾನೆ ಎಂದು ಕಾರಭಾರಿ ಅವನಿಗೆ ತಿಳಿಸಿದ, ತಿಳಿಸುತ್ತಲೇ ಬೆತ್ತ ಎತ್ತಿಕೊಂಡು ನಮ್ಮ ಕಡೆ ಬಂದ. ಮುದಿ ಧಣಿ ಕೈ ಎತ್ತಿ ತಡೆದ. ಎದ್ದು ಬೇಲಿಯವರೆಗೆ ಬಂದ. ಬೆನ್ನು ಬಾಗಿತ್ತು. ಒಂದು ಗಳಿಗೆ ನನಗೆ ಅವನು ಮಗನನ್ನು ಕಳಕೊಂಡ ಮುದುಕನಾಗಿ ಕಂಡ. ಮರುಕ ಬಂತು, ಏನು ಮಾಡಲಿ.

"ನೀರು ಕೇಳಿದ್ದನೇನು?"

"ಕೇಳಿದ್ರು."

"ಹಿಡದಾಗ ಕುಡೀಲಿಲ್ಲ?"

"ಕೈ ನೋಡಿ ಬಾಯಿ ಮುಚ್ಚಿದ್ರಂತರಿ. ಬಾಯಾಗ ಬಿಟ್ರ ಉಗುಳಿದ್ರಂತ."

ಮುದಿ ಧಣಿಯ ಕಣ್ಣಲ್ಲಿ ನೀರು ತುಂಬಿತು. ಬಾಗಿದ್ದ ಬೆನ್ನು ನೆಟ್ಟಗಾಯಿತು. ಸಭೆಯ ಕಡೆ ತಿರುಗಿ ಹೇಳಿದ:

"ಕೇಳಿದ್ರೇನು? ಪ್ರಾಣ ಬಿಟ್ಟ, ಕುಲ ಬಿಡಲಿಲ್ಲ. ನನ್ನ ಹೊಟ್ಯಾಗ ಹುಟ್ಟಿದ್ದಕ್ಕೂ ಸಾರ್ಥಕ ಆತು. ಗುಂಡಿಗಿ ಯಾರರೇ ಸಾಯ್ತಾರ. ಇಂಥಾ ಸಾವು ಯಾರಿಗೆ ಬರ್ತದ?"

ಕುರ್ಚಿಗಳ ಕಡೆಯಿಂದ ಧನ್ಯ, ಧನ್ಯ ಎನ್ನುವ ಗುಜುಗುಜು ಎದ್ದಿತು. ಸಿದ್ದಲಿಂಗಪ್ಪನವರು ಆಗಲೇ ಜೇಬಿನಿಂದ ಸೀಸದ ಕಡ್ಡಿ ತೆಗೆದು ಬರೆದುಕೊಳ್ಳುತ್ತಿದ್ದರು. ಅಪ್ಪ ಇಷ್ಟು ದಿನ ಎದೆಯೊಳಗೆ ಮಸೆದಿಟ್ಟುಕೊಂಡ ನಿಜವನ್ನು ಅವರು ಹಾರ ಮಾಡಿ ಕೊರಳಿಗೆ ಹಾಕಿಕೊಂಡರು. ಅಪ್ಪನ ಬಾಯಿ ಅರೆ ತೆರೆದೇ ಇತ್ತು. ಬಸ್ರಾದಲ್ಲಿ ಸೋಲದವನು ಅಲ್ಲಿ ಸೋತ.

"ಇವನ ಗಡಿಪಾರು ತೆಗೀರಿ," ಎಂದ ಧಣಿ. "ಖರೇ ಸುದ್ದಿ ತಂದಾನ."

ಕಾರಭಾರಿ ಹುಕುಮಿನ ಕಾಗದವನ್ನು ಬೇಲಿಯ ಮೇಲಿಂದ ಎಸೆದ. ಅದು ಅಪ್ಪನ ಕಾಲ ಹತ್ತಿರ ಬಿತ್ತು. ಅಪ್ಪ ಬಗ್ಗಲಿಲ್ಲ. "ಹೋಗಬೇಕಾದಾಕಿ ಹೋದಳ್ರಿ," ಎಂದ. "ಇನ್ನ ನನಗ ಆ ಊರು ಯಾಕ?"

ಆಗ ಚಿಗವ್ವ ಎದ್ದಳು. ಅಷ್ಟು ಹೊತ್ತು ನೆಲ ನೋಡುತ್ತ ಕೂತವಳು.

"ಕುಲ ಬಿಡಲಿಲ್ಲ ಅಂದ್ರಿ. ಎಂಟ ದಿನ ನನ್ನ ಮಗನ ಬೆನ್ನ ಮ್ಯಾಲ ಕುಂತಿತ್ತಲ್ಲರಿ ಆ ಕುಲ? ಆಗ ಎಲ್ಲಿ ಬಿಚ್ಚಿ ಇಟ್ಟಿದ್ರು? ಹೆಣ ಆದ ಮ್ಯಾಲೂ ಹೊತ್ತಾನ. ನನಗ ಹೊಡೀತಾರ ಅಂತ ಹೊತ್ತಾನ. ನಿಮ್ಮ ಮಗಗ ಕುಲ ಸಿಕ್ತು. ನನ್ನ ಮಗನ್ನ ಎಲ್ಲಿ ಹುಗದೀರಿ, ಅದನ್ನರ ಹೇಳ್ರಿ!"

ಮತ್ತೂ ಕೂಗಲು ಹೋದಳು, ಗಂಟಲಿನಿಂದ ಗಾಳಿಯಷ್ಟೇ ಬಂತು. ಬೇಲಿ ಹಿಡಿದು ಬಾಗಿ ಕೆಮ್ಮಿದಳು. ಮುದಿ ಧಣಿ ಅವತ್ತು ದೊಡ್ಡ ಮನಸ್ಸಿನಲ್ಲಿದ್ದ.

"ಪಾಪ, ಆ ಹೆಂಗಸಿಗೆ ನೀರು ಕೊಡ್ರಿ," ಎಂದ.

ಆಳು ತಂಬಿಗೆ ತಂದ. ತಾಮ್ರದ ತಂಬಿಗೆ, ಹೊರಗೆಲ್ಲ ತಣ್ಣನೆಯ ಹನಿ ಕೂತಿತ್ತು. ಬೇಲಿಯ ಮೇಲಿಂದ ಕೈ ಎತ್ತರಿಸಿ, "ಬೊಗಸಿ ಹಿಡಿ," ಎಂದ. ನೀರು ಸುರಿಯಿತು. ಚಿಗವ್ವ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು. ನೀರು ಮಣ್ಣಿಗೆ ಬಿದ್ದು ಅವಳ ಪಾದಕ್ಕೆ ಸಿಡಿಯಿತು.

"ಕುಡಿಯೇ," ಎಂದ ಆಳು.

"ಒಲ್ಲೆ," ಎಂದಳು ಚಿಗವ್ವ. "ನಮಗೂ ಒಂದು ಕುಲ ಅದ."

ಬೆಳಗಿನಿಂದ ಅವಳು ಒಂದು ಹನಿ ನೀರು ಕುಡಿದಿರಲಿಲ್ಲ. ನನಗೆ ಗೊತ್ತು, ನಾನು ಅವಳ ಜೊತೆಗೇ ಇದ್ದೆ. ತುಟಿ ಒಡೆದು ರಕ್ತ ಬಂದಿತ್ತು. ಆಳು ತಂಬಿಗೆ ಪೂರ್ತಿ ಖಾಲಿಯಾಗುವವರೆಗೆ ಸುರಿದ. ಅವಳು ಬಾಯಿ ಮುಚ್ಚಿಕೊಂಡು, ಮುದಿ ಧಣಿಯ ಮುಖವನ್ನೇ ನೋಡುತ್ತ ನಿಂತಿದ್ದಳು.